ಶಾಲು, ಫಲಕ ಮತ್ತು ಟನ್ನಿನ ಲೆಕ್ಕ: ಸುಣ್ಣಕಲ್ಲಿನ ನಾಡಿನಿಂದ ನೋಡಿದ ಪರಿಸರ ಪ್ರಶಸ್ತಿಗಳ ಹಿನ್ನೆಲೆ

ಪ್ರತಿ ವರ್ಷ ಜೂನ್ 5ರಂದು ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿಯೂ ಸಸಿ ನೆಡುವ, ಪರಿಸರಕ್ಕಾಗಿ ದುಡಿದವರಿಗೆ ಶಾಲು ಹೊದಿಸಿ ಫಲಕ ಕೊಡುವ ಸಮಾರಂಭಗಳು ನಡೆಯುತ್ತವೆ. ದುಡಿದವರನ್ನು ಗೌರವಿಸುವುದು ಒಳ್ಳೆಯ ಪದ್ಧತಿಯೇ. ಆದರೆ ಒಂದು ಸಂಸ್ಥೆಯನ್ನು ಪರಿಸರಸ್ನೇಹಿ ಎಂದು ಕರೆಯುವಾಗ ಯಾವ ಅಳತೆಯನ್ನು ಹಿಡಿದು ಕರೆಯಲಾಯಿತು, ಆ ಅಳತೆಯನ್ನು ಯಾರು ಮಾಡಿದರು ಎಂಬ ಪ್ರಶ್ನೆಗೆ ಕಳೆದ ಐವತ್ತು ವರ್ಷಗಳಲ್ಲಿ ಉತ್ತರ ಹಲವು ಬಾರಿ ಬದಲಾಗಿದೆ. ಬೇರೆ ಊರುಗಳಿಗಿಂತ ನಮ್ಮ ಭಾಗಕ್ಕೆ ಈ ಬದಲಾವಣೆ ಹೆಚ್ಚು ಮುಖ್ಯವಾಗುವುದಕ್ಕೆ ಕಾರಣ ನಮ್ಮ ಕಾಲಡಿಯ ಕಲ್ಲಿನಲ್ಲಿದೆ.

ಶಹಾಬಾದಿನ ಪರ್ಸಿ ಕಲ್ಲನ್ನು ನಾಡಿನ ಅದೆಷ್ಟೋ ಮನೆಗಳ ನೆಲಕ್ಕೆ ಹಾಸಿದ್ದಾರೆ. ಅದೇ ಸುಣ್ಣಕಲ್ಲಿನ ಹಾಸು ಸೇಡಂ, ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳುದ್ದಕ್ಕೂ ಹರಡಿಕೊಂಡಿರುವುದರಿಂದ, ನಿಜಾಮರ ಆಳ್ವಿಕೆಯ ಕಾಲದಲ್ಲಿ ಶಹಾಬಾದಿನಲ್ಲಿ ಆರಂಭವಾದ ಸಿಮೆಂಟ್ ಉದ್ಯಮವು ಮುಂದೆ ವಾಡಿ, ಮಳಖೇಡ, ಸೇಡಂಗಳಿಗೆ ಬಂದಿತು. ಇತ್ತೀಚಿನ ದಶಕಗಳಲ್ಲಿ ಚಿತ್ತಾಪುರ ಮತ್ತು ಚಿಂಚೋಳಿಯ ಹಳ್ಳಿಗಳವರೆಗೂ ಬೆಳೆಯಿತು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವೇ ಇಂದಿನ ಮಳಖೇಡ. ಇಂದು ದೂರದಿಂದ ಬರುವವರಿಗೆ ಕೋಟೆಗಿಂತ ಮೊದಲು ಕಾರ್ಖಾನೆಯ ಚಿಮಣಿಯೇ ಕಣ್ಣಿಗೆ ಬೀಳುತ್ತದೆ.

ಸುಣ್ಣಕಲ್ಲು ಎಂದರೆ ರಸಾಯನಶಾಸ್ತ್ರದ ಭಾಷೆಯಲ್ಲಿ ಕ್ಯಾಲ್ಸಿಯಂ ಕಾರ್ಬೋನೇಟ್. ಅದನ್ನು ಕುಲುಮೆಯಲ್ಲಿ ಕಾಯಿಸಿದರೆ, ಕಲ್ಲು ಶುದ್ಧವಾಗಿದ್ದ ಪಕ್ಷದಲ್ಲಿ, ಪ್ರತಿ 100 ಕೆ.ಜಿ.ಗೆ 56 ಕೆ.ಜಿ. ಸುಣ್ಣ ಉಳಿದು 44 ಕೆ.ಜಿ. ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಕಲ್ಲಾಗಿ ಹೆಪ್ಪುಗಟ್ಟಿದ ಇಂಗಾಲ ಅದು. ಈ ಸುಣ್ಣವು ಜೇಡಿಮಣ್ಣಿನ ಅಂಶಗಳೊಂದಿಗೆ ಬೆರೆತು ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಪುಡಿ ಮಾಡಿದರೆ ಸಿಮೆಂಟ್ ಆಗುವ ಕ್ಲಿಂಕರ್ ಎಂಬ ಗಟ್ಟಿಯಾಗುತ್ತದೆ. ಒಂದು ಟನ್ ಕ್ಲಿಂಕರ್‌ಗೆ ಸುಮಾರು ಒಂದೂವರೆ ಟನ್ ಸುಣ್ಣಕಲ್ಲು ಬೇಕು, ಮತ್ತು ಕಲ್ಲು ಬೇರ್ಪಡುವ ಕ್ರಿಯೆಯೊಂದರಿಂದಲೇ ಅರ್ಧ ಟನ್ನಿಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಕುಲುಮೆಗೆ ಉರಿಸುವ ಕಲ್ಲಿದ್ದಲಿನ ಲೆಕ್ಕ ಇದಕ್ಕಿಂತ ಬೇರೆ. ಕಾರ್ಖಾನೆಯ ಆವರಣದಲ್ಲಿ ಸಾವಿರಾರು ಮರ ಬೆಳೆಸಿದರೂ, ಕಚೇರಿಯ ಮಾಳಿಗೆಯ ಮೇಲೆ ಸೌರಫಲಕ ಕೂರಿಸಿದರೂ, ಕಲ್ಲಿನೊಳಗಿಂದ ಬರುವ ಈ ಅನಿಲ ಕಡಿಮೆಯಾಗುವುದಿಲ್ಲ. ಆದ್ದರಿಂದ ಮರಗಳನ್ನು ಎಣಿಸಿ ಕೊಡುವ ಪ್ರಶಸ್ತಿಗೂ ಟನ್ನುಗಳನ್ನು ಎಣಿಸಿ ಕೊಡುವ ಮನ್ನಣೆಗೂ ಇರುವ ಅಂತರವು ನಮ್ಮ ಭಾಗದಲ್ಲಿ ಎದ್ದು ಕಾಣುತ್ತದೆ.

ಪರಿಸರ ಪ್ರಶಸ್ತಿಗಳ ಆರಂಭ ಮರದಿಂದಲೇ ಆಯಿತು. 1972ರ ಸ್ಟಾಕ್‌ಹೋಮ್ ಸಮ್ಮೇಳನದ ನಂತರ ಜೂನ್ 5 ವಿಶ್ವ ಪರಿಸರ ದಿನವಾಯಿತು. 1974ರ ಜಲ ಕಾಯ್ದೆಯೊಂದಿಗೆ ಮಾಲಿನ್ಯ ನಿಯಂತ್ರಣ ಮಂಡಳಿಗಳು ಹುಟ್ಟಿದವು. ಕೇಂದ್ರ ಸರ್ಕಾರವು 1986ರಲ್ಲಿ ಇಂದಿರಾ ಪ್ರಿಯದರ್ಶಿನಿ ವೃಕ್ಷಮಿತ್ರ ಪ್ರಶಸ್ತಿಯನ್ನು, 1987ರಲ್ಲಿ ಇಂದಿರಾ ಗಾಂಧಿ ಪರ್ಯಾವರಣ ಪುರಸ್ಕಾರವನ್ನು ಸ್ಥಾಪಿಸಿತು; ಅದೇ 1987ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 'ಗ್ಲೋಬಲ್ 500' ಗೌರವ ಪಟ್ಟಿಯನ್ನು ಆರಂಭಿಸಿತು. ಆಗಿನ ಮನ್ನಣೆ ಬಹುಮಟ್ಟಿಗೆ ನಿಸ್ವಾರ್ಥ ದುಡಿಮೆಗೆ ಸಲ್ಲುತ್ತಿತ್ತು. ಸಾಲುಮರದ ತಿಮ್ಮಕ್ಕನವರ ಆಲದ ಮರಗಳನ್ನು ದಾರಿಯಲ್ಲಿ ಹೋಗುವ ಯಾರು ಬೇಕಾದರೂ ಎಣಿಸಬಹುದಾಗಿತ್ತು. ಅಂಥ ಕೆಲಸವನ್ನು ಗುರುತಿಸಲು ಯಾವ ಲೆಕ್ಕಪರಿಶೋಧಕರೂ ಬೇಕಿರಲಿಲ್ಲ.

ಕೈಗಾರಿಕೆಗಳಿಗೆ ಮನ್ನಣೆ ನೀಡಲು ಹೊರಟಾಗ ತೊಡಕು ಶುರುವಾಯಿತು. 1991ರಲ್ಲಿ ಎರಡು ಹೊಸ ಪ್ರಯತ್ನಗಳು ನಡೆದವು. ಪರಿಸರಕ್ಕೆ ಕಡಿಮೆ ಹಾನಿ ಮಾಡುವ ಸರಕುಗಳಿಗೆ ಮಣ್ಣಿನ ಗಡಿಗೆಯ ಚಿಹ್ನೆಯುಳ್ಳ 'ಇಕೋಮಾರ್ಕ್' ಬಂದಿತು. ಶಕ್ತಿ ಉಳಿಸಿದ ಕಾರ್ಖಾನೆಗಳಿಗೆ ರಾಷ್ಟ್ರೀಯ ಇಂಧನ ಸಂರಕ್ಷಣಾ ಪ್ರಶಸ್ತಿಗಳನ್ನು ಆ ವರ್ಷದ ಡಿಸೆಂಬರ್ 14ರಂದು ಮೊದಲ ಬಾರಿಗೆ ನೀಡಲಾಯಿತು. ಅತಿ ಹೆಚ್ಚು ಮಾಲಿನ್ಯ ಉಂಟುಮಾಡಬಲ್ಲವು ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಗುರುತಿಸಿದ 17 ಬಗೆಯ ಉದ್ಯಮಗಳ ಪಟ್ಟಿಯನ್ನು ಇಲ್ಲಿ ನೆನೆಯಬೇಕು. ಕಲಬುರಗಿಯ ಸಿಮೆಂಟ್, ಬೀದರಿನ ಸಕ್ಕರೆ, ಬೀದರಿನ ಕೊಳಾರ ಹಾಗೂ ಯಾದಗಿರಿಯ ಕಡೇಚೂರು ಕೈಗಾರಿಕಾ ಪ್ರದೇಶಗಳ ಔಷಧ ತಯಾರಿಕೆ, ಈ ಮೂರೂ ಆ ಪಟ್ಟಿಯಲ್ಲಿವೆ. ಮೂರು ಜಿಲ್ಲೆಗಳ ದುಡಿಮೆಯ ದೊಡ್ಡ ಪಾಲು ಅದೇ ಪಟ್ಟಿಯೊಳಗೆ ಇರುವಾಗ, ಇಲ್ಲಿನ ಯಾವ ಸಂಸ್ಥೆಗೆ ಯಾರು ಎಂಥ ಪ್ರಮಾಣಪತ್ರ ಕೊಡುತ್ತಾರೆ ಎಂಬುದು ಬರೀ ಗೋಡೆಗೆ ತೂಗುಹಾಕುವ ವಿಷಯವಾಗಿ ಉಳಿಯುವುದಿಲ್ಲ.

1996ರಲ್ಲಿ ಬಂದ ಐಎಸ್‌ಒ 14001 ಪ್ರಮಾಣಪತ್ರವನ್ನು ಇಂದಿಗೂ ಅನೇಕರು ತಪ್ಪಾಗಿ ಅರ್ಥಮಾಡಿಕೊಳ್ಳುತ್ತಾರೆ. ಸಂಸ್ಥೆಯೊಂದರಲ್ಲಿ ಪರಿಸರ ನಿರ್ವಹಣೆಗೆ ಒಂದು ಕ್ರಮಬದ್ಧ ವ್ಯವಸ್ಥೆ ಇದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಆ ಸಂಸ್ಥೆ ಎಷ್ಟು ಹೊಗೆ ಬಿಡುತ್ತದೆ, ಕಳೆದ ವರ್ಷಕ್ಕಿಂತ ಎಷ್ಟು ಕಡಿಮೆ ಮಾಡಿದೆ ಎಂಬುದನ್ನು ಹೇಳುವುದಿಲ್ಲ. ಫಲಿತಾಂಶವನ್ನು ಹೊರಗಿನವರು ಅಳೆದು ಜನರ ಮುಂದಿಡುವ ದಾರಿಯನ್ನು ಇಂಡೊನೇಷ್ಯಾ 1995ರಲ್ಲಿ ತೋರಿಸಿತು. ಅಲ್ಲಿನ 'ಪ್ರಾಪರ್' ಯೋಜನೆಯು ಕಾರ್ಖಾನೆಗಳಿಗೆ ಚಿನ್ನ, ಹಸಿರು, ನೀಲಿ, ಕೆಂಪು, ಕಪ್ಪು ಎಂಬ ಐದು ಬಣ್ಣಗಳ ದರ್ಜೆ ಕೊಟ್ಟು ಪ್ರಕಟಿಸಿತು. ಓದಲು ಬಾರದವರಿಗೂ ಕಪ್ಪು ಬಣ್ಣದ ಅರ್ಥ ತಿಳಿಯುತ್ತಿತ್ತು. ನಮ್ಮಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಹಸಿರು ರೇಟಿಂಗ್ ಯೋಜನೆಯಡಿ ಕಾಗದ, ಮೋಟಾರು ವಾಹನ ಮುಂತಾದ ಉದ್ಯಮಗಳ ನಂತರ 2005ರಲ್ಲಿ ಸಿಮೆಂಟ್ ಉದ್ಯಮಕ್ಕೂ ಅಂಕ ಕೊಟ್ಟಿತು. ಒಳ್ಳೆಯವರನ್ನು ಮಾತ್ರ ವೇದಿಕೆಗೆ ಕರೆಯುವ ಪ್ರಶಸ್ತಿಗಿಂತ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಈ ಪದ್ಧತಿಯೇ ಹೆಚ್ಚು ನ್ಯಾಯವಾದದ್ದೆಂದು ನನ್ನ ಅಭಿಪ್ರಾಯ. ಸ್ವತಃ ಅರ್ಜಿ ಹಾಕಿದವರ ನಡುವೆ ಮಾತ್ರ ಆಯ್ಕೆ ನಡೆದರೆ, ಹಾಕದವರ ಸ್ಥಿತಿ ಯಾರಿಗೂ ತಿಳಿಯುವುದಿಲ್ಲ.

ಇಂಗಾಲವು ಲೆಕ್ಕದ ವಸ್ತುವಾದದ್ದು ಹಸಿರುಮನೆ ಅನಿಲಗಳನ್ನು ತಗ್ಗಿಸುವ 1997ರ ಕ್ಯೋಟೊ ಒಪ್ಪಂದದಿಂದ. 2001ರಲ್ಲಿ ಪ್ರಕಟವಾದ ಹಸಿರುಮನೆ ಅನಿಲಗಳ ಲೆಕ್ಕ ವಿಧಾನವು ಸಂಸ್ಥೆಯ ಹೊಣೆಯನ್ನು ಮೂರು ವಲಯಗಳಾಗಿ ವಿಂಗಡಿಸಿತು. ತನ್ನದೇ ಕುಲುಮೆ ಮತ್ತು ವಾಹನಗಳಿಂದ ಬರುವುದು ಮೊದಲನೆಯದು, ಕೊಂಡ ವಿದ್ಯುತ್ತಿನ ಹಿಂದಿರುವುದು ಎರಡನೆಯದು, ಕಚ್ಚಾವಸ್ತು, ಸಾಗಣೆ, ಬಳಕೆಯ ಉದ್ದಕ್ಕೂ ಬರುವುದು ಮೂರನೆಯದು. ಇಂಧನ ಸಂರಕ್ಷಣಾ ಕಾಯ್ದೆ 2001ರಲ್ಲಿ ಅಂಗೀಕಾರವಾಗಿ, ಮರುವರ್ಷ ಇಂಧನ ದಕ್ಷತಾ ಬ್ಯೂರೊ ಸ್ಥಾಪನೆಯಾಯಿತು. 2012ರಲ್ಲಿ ಶುರುವಾದ 'ಪ್ಯಾಟ್' ಯೋಜನೆಯ ಮೊದಲ ಸುತ್ತು ಎಂಟು ಕ್ಷೇತ್ರಗಳ 478 ಘಟಕಗಳಿಗೆ ಶಕ್ತಿ ಉಳಿತಾಯದ ಗುರಿ ವಿಧಿಸಿತು. ಅವುಗಳಲ್ಲಿ ಸಿಮೆಂಟ್ ಕ್ಷೇತ್ರವೂ ಸೇರಿತ್ತು. ಗುರಿಗಿಂತ ಹೆಚ್ಚು ಉಳಿಸಿದವರು ಪ್ರಮಾಣಪತ್ರ ಪಡೆದು ಮಾರಬಹುದಾಗಿತ್ತು, ತಲುಪದವರು ಕೊಳ್ಳಬೇಕಾಗಿತ್ತು. ಮನ್ನಣೆಯು ಶಾಲಿನಿಂದ ಹಣದ ಮೌಲ್ಯಕ್ಕೆ ತಿರುಗಿದ್ದು ಇಲ್ಲಿ.

ಈ ಲೆಕ್ಕಗಳೊಳಗೆ ಒಂದು ಸೂಕ್ಷ್ಮವಿದೆ. ಪ್ರಶಸ್ತಿ ಮತ್ತು ಗುರಿಗಳು ಹೆಚ್ಚಾಗಿ ಒಂದು ಟನ್ ಉತ್ಪನ್ನಕ್ಕೆ ಎಷ್ಟು ಇಂಗಾಲ ಎಂಬ ತೀವ್ರತೆಯನ್ನು ನೋಡುತ್ತವೆ. ಉದಾಹರಣೆಗೆಂದು ಒಂದು ಕಾರ್ಖಾನೆಯನ್ನು ಊಹಿಸಿಕೊಳ್ಳೋಣ. ಅದು ವರ್ಷಕ್ಕೆ 30 ಲಕ್ಷ ಟನ್ ಸಿಮೆಂಟ್ ತಯಾರಿಸುವಾಗ ಪ್ರತಿ ಟನ್ನಿಗೆ 700 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬಿಟ್ಟರೆ ಒಟ್ಟು 21 ಲಕ್ಷ ಟನ್ ಆಗುತ್ತದೆ. ಮುಂದೆ ಸುಧಾರಣೆ ಮಾಡಿ ಅದನ್ನು 600 ಕೆ.ಜಿ.ಗೆ ಇಳಿಸಿ, ಜೊತೆಗೆ ಉತ್ಪಾದನೆಯನ್ನು 50 ಲಕ್ಷ ಟನ್ನಿಗೆ ಏರಿಸಿದರೆ ಒಟ್ಟು 30 ಲಕ್ಷ ಟನ್ ಆಗುತ್ತದೆ. ತೀವ್ರತೆ ಇಳಿದದ್ದು ನಿಜ, ಅದಕ್ಕಾಗಿ ಪಟ್ಟ ಶ್ರಮವೂ ನಿಜ. ಗಾಳಿಗೆ ಸೇರಿದ್ದು ಮಾತ್ರ 9 ಲಕ್ಷ ಟನ್ ಹೆಚ್ಚು. ಎರಡೂ ಅಂಕಿಗಳನ್ನು ಒಟ್ಟಿಗೆ ಹೇಳದ ಯಾವ ಮನ್ನಣೆಯೂ ಅರ್ಧ ಸತ್ಯವನ್ನೇ ಹೇಳುತ್ತದೆ.

ತೀವ್ರತೆ ಇಳಿಸುವ ಕೆಲಸ ಸಣ್ಣದೇನಲ್ಲ. ಕ್ಲಿಂಕರಿನ ಒಂದು ಭಾಗಕ್ಕೆ ಬದಲಾಗಿ ಉಷ್ಣ ವಿದ್ಯುತ್ ಸ್ಥಾವರಗಳ ಹಾರುಬೂದಿ ಬೆರೆಸಬಹುದು. ಹೀಗೆ ಬೆರೆಸಿ ಮಾಡುವ ಪೋಜ್ಜೊಲಾನಾ ಸಿಮೆಂಟಿನಲ್ಲಿ ಶೇ 35ರವರೆಗೆ ಅದಕ್ಕೆ ಅವಕಾಶವಿದೆ. ಕುಲುಮೆಯಿಂದ ವ್ಯರ್ಥವಾಗಿ ಹೋಗುವ ಬಿಸಿಗಾಳಿಯಿಂದ ವಿದ್ಯುತ್ ತೆಗೆಯಬಹುದು. ಸುಟ್ಟ ಜೇಡಿಮಣ್ಣು ಮತ್ತು ಸುಡದ ಸುಣ್ಣಕಲ್ಲಿನ ಪುಡಿ ಸೇರಿಸಿ ಕ್ಲಿಂಕರನ್ನು ಅರ್ಧದಷ್ಟಕ್ಕೆ ಇಳಿಸುವ ಸಿಮೆಂಟಿಗೆ ಭಾರತೀಯ ಮಾನಕ ಬ್ಯೂರೊ 2023ರಲ್ಲಿ ಮಾನದಂಡ ನೀಡಿದೆ. ಬೀದರಿನ ಕಬ್ಬಿನ ಸೀಮೆಯಲ್ಲಿ ಅರೆದ ಕಬ್ಬಿನ ಸಿಪ್ಪೆಯೇ ಸಕ್ಕರೆ ಕಾರ್ಖಾನೆಯ ಬಾಯ್ಲರಿಗೆ ಇಂಧನವಾಗುತ್ತದೆ. ಇವೆಲ್ಲ ಮನ್ನಣೆಗೆ ಅರ್ಹವಾದವು, ಏಕೆಂದರೆ ಇವು ಉತ್ಪಾದನೆಯ ಒಡಲೊಳಗೇ ಬದಲಾವಣೆ ತರುತ್ತವೆ.

ಕಳೆದ ಕೆಲವು ವರ್ಷಗಳಲ್ಲಿ ಗೌರವಕ್ಕಿಂತ ಕಾನೂನಿನ ಪಾತ್ರ ಹಿರಿದಾಗುತ್ತಿದೆ. ಷೇರುಪೇಟೆಯ ನಿಯಂತ್ರಕ ಸೆಬಿ 2012ರಲ್ಲಿ ಅಗ್ರ 100 ಕಂಪನಿಗಳಿಂದ ಹೊಣೆಗಾರಿಕೆ ವರದಿ ಕೇಳಿತು. 2022-23ರಿಂದ ಅಗ್ರ 1,000 ಕಂಪನಿಗಳು ಇನ್ನೂ ವಿವರವಾದ ಸುಸ್ಥಿರತಾ ವರದಿ ಕೊಡುವುದು ಕಡ್ಡಾಯವಾಯಿತು. ಗುರಿಗಿಂತ ಕಡಿಮೆ ಇಂಗಾಲ ಬಿಟ್ಟವರು ಆ ಉಳಿತಾಯವನ್ನು ಮಾರಬಹುದಾದ ಇಂಗಾಲ ಕ್ರೆಡಿಟ್ ವ್ಯಾಪಾರ ಯೋಜನೆ 2023ರಲ್ಲಿ ಬಂದಿತು, 2025ರ ಅಕ್ಟೋಬರಿನಲ್ಲಿ ಸಿಮೆಂಟ್ ಸೇರಿ ನಾಲ್ಕು ಕ್ಷೇತ್ರಗಳಿಗೆ ಹೊರಸೂಸುವಿಕೆಯ ತೀವ್ರತೆಯ ಗುರಿಗಳು ಅಧಿಸೂಚಿತವಾದವು. 2024ರ ಅಕ್ಟೋಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಹುಸಿ ಹಸಿರು ಪ್ರಚಾರದ ವಿರುದ್ಧ ಮಾರ್ಗಸೂಚಿ ಹೊರಡಿಸಿ, 'ಪರಿಸರಸ್ನೇಹಿ' ಎಂಬಂಥ ಮಾತುಗಳಿಗೆ ಪರಿಶೀಲಿಸಬಹುದಾದ ಆಧಾರ ಇರಬೇಕೆಂದು ವಿಧಿಸಿತು.

ಇಂಗಾಲದ ಮಾತಿನ ಭರದಲ್ಲಿ ಧೂಳನ್ನು ಮರೆಯಬಾರದು. 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಡಿ ಗಾಳಿಯ ಗುಣಮಟ್ಟ ತಲುಪದ ನಗರಗಳೆಂದು ಕರ್ನಾಟಕದಲ್ಲಿ ಗುರುತಿಸಿದ ನಾಲ್ಕರಲ್ಲಿ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡಗಳೊಂದಿಗೆ ಕಲಬುರಗಿಯೂ ಇದೆ. 2022ರಿಂದ ಇಂಥ ನಗರಗಳಿಗೆ 'ಸ್ವಚ್ಛ ವಾಯು ಸರ್ವೇಕ್ಷಣ'ದ ಮೂಲಕ ದರ್ಜೆ ಮತ್ತು ಪ್ರಶಸ್ತಿ ನೀಡಲಾಗುತ್ತಿದೆ. ಇಂಗಾಲದ ಡೈಆಕ್ಸೈಡ್ ಕಣ್ಣಿಗೆ ಕಾಣುವುದಿಲ್ಲ, ಅದರ ಪರಿಣಾಮ ಇಡೀ ಭೂಮಿಗೆ ಹಂಚಿಹೋಗುತ್ತದೆ. ಗಣಿ ಮತ್ತು ಲಾರಿಗಳ ಧೂಳು ಮಾತ್ರ ಪಕ್ಕದ ಹೊಲದ ತೊಗರಿಯ ಎಲೆಯ ಮೇಲೆಯೇ ಕೂರುತ್ತದೆ. ಇಂಗಾಲದಲ್ಲಿ ಉತ್ತಮ ಅಂಕ ಪಡೆದ ಘಟಕವೊಂದು ನೆರೆಯ ಊರಿನ ಉಸಿರಿನ ಪರೀಕ್ಷೆಯಲ್ಲಿಯೂ ಗೆದ್ದಿದೆ ಎಂದು ತಾನಾಗಿ ಅರ್ಥವಲ್ಲ. ಎರಡನ್ನೂ ಬೇರೆ ಬೇರೆಯಾಗಿಯೇ ಅಳೆಯಬೇಕು.

ಅಳತೆಯ ಈ ವ್ಯವಸ್ಥೆ ಬಿಗಿಯಾದಂತೆ ಸಣ್ಣವರು ಹೊರಗುಳಿಯುವ ಅಪಾಯವೂ ಹೆಚ್ಚುತ್ತಿದೆ. ವರದಿ ಬರೆಯಲು ಸಲಹೆಗಾರರನ್ನು ನೇಮಿಸಿಕೊಳ್ಳಬಲ್ಲ ಕಂಪನಿಗೆ ಪ್ರಶಸ್ತಿಯ ಅರ್ಜಿ ಕಷ್ಟವಲ್ಲ. ತೊಗರಿ ಬೆಳೆಗಾರರ ಸಂಘಕ್ಕೆ ಅದು ಎಟುಕುವುದಿಲ್ಲ. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಕಲಬುರಗಿ ತೊಗರಿಯ ಬೇರುಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದಿಟ್ಟು ಯೂರಿಯಾದ ಅಗತ್ಯವನ್ನು ತಗ್ಗಿಸುತ್ತವೆ, ಮತ್ತು ಯೂರಿಯಾ ತಯಾರಿಕೆಯೆಂದರೆ ಅಪಾರ ಇಂಧನದ ವೆಚ್ಚ. ಆದರೂ ಆ ಸೂಚಿಕೆ ಬಂದದ್ದು ಬೇಳೆಯ ಗುಣಕ್ಕೆ. ಬೀದರಿನ ಬಹಮನಿ ಕಾಲದ ಸುರಂಗ ಬಾವಿಗಳ ಕಥೆಯೂ ಇಂಥದೇ. ಯಾವ ಪಂಪೂ ಇಲ್ಲದೆ, ನೆಲದ ಇಳಿಜಾರನ್ನೇ ನಂಬಿ ನೀರು ಹರಿಸಿದ ಆ ರಚನೆಗಳನ್ನು ನಾವು ಸ್ಮಾರಕವಾಗಿ ನೋಡಿದ್ದೇವೆಯೇ ಹೊರತು ಇಂಧನ ಬೇಡದ ನೀರಿನ ವ್ಯವಸ್ಥೆಯಾಗಿ ನೋಡಿದ್ದು ಕಡಿಮೆ. ಈ ಕೊರತೆಯನ್ನು ತುಂಬುವ ಒಂದು ಹೆಜ್ಜೆಯಾಗಿ, 2023ರಲ್ಲಿ ಪುನಾರಚನೆಗೊಂಡ ರಾಷ್ಟ್ರೀಯ ಪಂಚಾಯತ್ ಪ್ರಶಸ್ತಿಗಳಲ್ಲಿ ಇಂಗಾಲ ತಟಸ್ಥ ಗ್ರಾಮ ಪಂಚಾಯಿತಿಗಳಿಗೆಂದೇ ವಿಶೇಷ ಪುರಸ್ಕಾರ ಸೇರಿತು. ಚಿಂಚೋಳಿ ವನ್ಯಜೀವಿಧಾಮದ ಅಂಚಿನ ಪಂಚಾಯಿತಿಗಳು ಇಂಥ ಪುರಸ್ಕಾರಗಳಿಗೆ ಪ್ರಯತ್ನಿಸಬಹುದು. ಲೆಕ್ಕ ಹಾಕಲು ಕಲಬುರಗಿಯ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ನೆರವಾಗಬಹುದು.

ದೊಡ್ಡ ಘಟಕಗಳ ವಿಷಯದಲ್ಲಿ ಹೊಸ ಪ್ರಶಸ್ತಿಯ ಅಗತ್ಯವೇ ಇಲ್ಲವೆನಿಸುತ್ತದೆ. ಅಪಾಯಕಾರಿ ರಾಸಾಯನಿಕ ಮತ್ತು ತ್ಯಾಜ್ಯ ನಿರ್ವಹಿಸುವ ಕಾರ್ಖಾನೆಗಳು ತಮ್ಮ ವಿವರಗಳನ್ನು ಮುಖ್ಯ ಗೇಟಿನ ಹೊರಗೆ ಫಲಕದಲ್ಲಿ ಬರೆಯಬೇಕೆಂದು ಸುಪ್ರೀಂ ಕೋರ್ಟ್ 2003ರಲ್ಲಿ ಆದೇಶಿಸಿತ್ತು. ಅದೇ ಮಾದರಿಯಲ್ಲಿ ಸಿಮೆಂಟ್ ಕಾರ್ಖಾನೆಗಳ ಗೇಟಿನ ಮುಂದೆಯೂ ಪ್ರತಿ ಟನ್ ಸಿಮೆಂಟಿಗೆ ಬಿಟ್ಟ ಇಂಗಾಲ ಎಷ್ಟು, ವರ್ಷದ ಒಟ್ಟು ಎಷ್ಟು, ಕಳೆದ ವರ್ಷ ಎಷ್ಟಿತ್ತು, ಧೂಳಿನ ಪ್ರಮಾಣ ಎಷ್ಟು ಎಂಬ ನಾಲ್ಕು ಸಾಲುಗಳನ್ನು ಕನ್ನಡದಲ್ಲಿ, ದೂರದಿಂದ ಓದಬಹುದಾದ ಅಕ್ಷರಗಳಲ್ಲಿ ಬರೆಸಬಹುದು. ಪಾಳಿಗೆ ಹೋಗುವ ಕಾರ್ಮಿಕರೂ, ಹೊಲಕ್ಕೆ ಹೋಗುವ ರೈತರೂ ದಿನಾ ಹಾಯುವುದು ಅದೇ ಗೇಟಿನ ಮುಂದೆ.