ಬಿಳಿ ಜೆರ್ಸಿ, ಕಪ್ಪು ಜೆರ್ಸಿ, ನಡುವೆ ಒಂದು ಪೆದ್ದು ಮೀಟರ್

ಹೋದ ವರ್ಷ ಶ್ರಾವಣ. ಆಷಾಢ ಮುಗಿದು ಮದುವೆಗಳು ಶುರುವಾಗಿದ್ದವು. ನಾನು ಒಪ್ಪಿಕೊಂಡ ಒಂದು ಮದುವೆಯ ದಿನವೇ ಹಾಸನದಲ್ಲಿ ಕಾಲೇಜು ಹುಡುಗರ ಕಬಡ್ಡಿ ಬಿತ್ತು. ಹೊರಗಿನ ಅಂಕಣ ಕೆಸರಾಗಿತ್ತು ಅಂತ ಆಟವನ್ನು ಒಳಾಂಗಣದಲ್ಲಿ ಮ್ಯಾಟ್ ಹಾಕಿ ಆಡಿಸಿದರು. ನಾನು ಮದುವೆಯ ಫೋಟೋ ತೆಗೆಯಲು ಹೋಗಿ, ಕಬಡ್ಡಿಗೆ ನಮ್ಮ ಸ್ಟುಡಿಯೋದ ಹುಡುಗನನ್ನು ಕಳಿಸಿದೆ. ಸಂಜೆ ಮುಖ ಸಣ್ಣ ಮಾಡಿಕೊಂಡು ಬಂದ.

"ಸರ್, ಕ್ಯಾಮೆರಾ ಎಲ್ಲೋ ಕೆಟ್ಟಿದೆ ಅನ್ಸುತ್ತೆ."

ಕಂಪ್ಯೂಟರಿಗೆ ಹಾಕಿ ನೋಡಿದೆ. ಒಂದು ತಂಡದ್ದು ಬಿಳಿ ಜೆರ್ಸಿ, ಇನ್ನೊಂದರದ್ದು ಕಪ್ಪು. ಬಿಳಿಯವರು ಹತ್ತಿರ ಬಂದ ಫೋಟೋಗಳೆಲ್ಲ ಮಂಕು. ಜೆರ್ಸಿ ಒಗೆಯದ ಪಂಚೆಯ ಬಣ್ಣ, ಮುಖ ಇದ್ದಿಲು. ಕಪ್ಪಿನವರು ಬಂದ ಫೋಟೋಗಳಲ್ಲಿ ಮುಖಕ್ಕೆ ಸುಣ್ಣ ಬಳಿದ ಹಾಗೆ. ಅದೇ ಹಾಲ್, ಅದೇ ಲೈಟು, ಎರಡು ಫೋಟೋಗಳ ನಡುವೆ ಹತ್ತು ಸೆಕೆಂಡ್ ಕೂಡ ಇಲ್ಲ. ಬೆಳಕು ಒಂದಿಷ್ಟೂ ಬದಲಾಗಿರಲಿಲ್ಲ. ಬದಲಾಗಿದ್ದು ಕ್ಯಾಮೆರಾದ ಲೆಕ್ಕ ಮಾತ್ರ.

ಕ್ಯಾಮೆರಾ ಕೆಟ್ಟಿರಲಿಲ್ಲ. ಅದು ತನ್ನ ಕೆಲಸವನ್ನು ಬಹಳ ನಿಯತ್ತಾಗಿ ಮಾಡಿತ್ತು. ತೊಂದರೆ ಇರುವುದೇ ಅಲ್ಲಿ.

ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್ ಅಂದರೆ ಮದುವೆ ಮನೆಯಲ್ಲಿ ಸಾರು ಬಡಿಸುವ ಹೊಸ ಹುಡುಗ ಇದ್ದ ಹಾಗೆ. ಎಲೆ ಮುಂದೆ ಮಗು ಕೂತಿರಲಿ, ಪೈಲ್ವಾನ್ ಕೂತಿರಲಿ, ಎಲ್ಲರಿಗೂ ಒಂದೇ ಸೌಟು. ಎದುರಿಗೆ ಏನು ಕಂಡರೂ ಅದನ್ನು ನಡುಬೂದು ಬಣ್ಣಕ್ಕೆ ತರಬೇಕು ಅನ್ನುವುದೊಂದೇ ಅದಕ್ಕೆ ಗೊತ್ತು. ಮಾರ್ಚ್‌ನಲ್ಲಿ ಹೂ ಮಳೆ ಬಿದ್ದ ಮೇಲೆ ಚಿಕ್ಕಮಗಳೂರು ಕಡೆಯ ಕಾಫಿ ತೋಟಕ್ಕೆ ಹೋಗಿ, ಫ್ರೇಮ್ ತುಂಬ ಹೂ ಇಟ್ಟು ಆಟೋ ಮೋಡ್‌ನಲ್ಲಿ ಫೋಟೋ ತೆಗೆದು ನೋಡಿ. ಹಾಲಿನಂಥ ಹೂವು ಬೂದಿಯಾಗಿ ಬರುತ್ತದೆ. ಬೇಲೂರಿನ ಮದನಿಕೆಯ ಕರಿ ಕಲ್ಲನ್ನು ಹತ್ತಿರದಿಂದ ತೆಗೆಯಿರಿ. ಅದೂ ಬಿಳಚಿಕೊಂಡು ಬೂದಿಯೇ. ಬಿಳಿ ಕಂಡರೆ "ಬೆಳಕು ಜಾಸ್ತಿ ಇದೆ" ಅಂತ ಕಡಿಮೆ ಮಾಡುತ್ತದೆ, ಕಪ್ಪು ಕಂಡರೆ "ಕಡಿಮೆ ಇದೆ" ಅಂತ ಏರಿಸುತ್ತದೆ. ವಸ್ತುವಿನ ಬಣ್ಣ ಯಾವುದು, ಅದರ ಮೇಲೆ ಬಿದ್ದ ಬೆಳಕು ಎಷ್ಟು ಅಂತ ಬಿಡಿಸಿ ನೋಡುವ ಬುದ್ಧಿ ಅದಕ್ಕೆ ಇಲ್ಲ.

ಹೂವು, ಕಲ್ಲು ಆದರೆ ನಿಂತ ಕಡೆ ನಿಂತಿರುತ್ತವೆ. ಒಂದು ಕೆಟ್ಟರೆ ಇನ್ನೊಂದು ತೆಗೆಯಬಹುದು. ಕಬಡ್ಡಿಯಲ್ಲಿ ಒಂದು ರೈಡ್‌ಗೆ ಇರುವುದು 30 ಸೆಕೆಂಡ್. ಅಷ್ಟರಲ್ಲಿ ಚೌಕಟ್ಟಿನೊಳಗೆ ಬಿಳಿ, ಕಪ್ಪು, ನೀಲಿ ಮ್ಯಾಟ್, ಹಿಂದಿನ ಕತ್ತಲೆ ಗ್ಯಾಲರಿ, ಪ್ರಾಯೋಜಕರ ಹೊಳೆಯುವ ಫ್ಲೆಕ್ಸ್, ಎಲ್ಲ ಬಂದು ಹೋಗುತ್ತವೆ. ಪ್ರತಿಯೊಂದಕ್ಕೂ ಮೀಟರ್ ಹೊಸ ಲೆಕ್ಕ ಹಾಕುತ್ತದೆ.

"ಹಾಗಾದರೆ ಯಾವ ಮೀಟರಿಂಗ್ ಮೋಡ್ ಒಳ್ಳೆಯದು?" ಅಂತ ತುಂಬ ಜನ ಕೇಳುತ್ತಾರೆ. ಇಡೀ ಫ್ರೇಮ್ ನೋಡುವ ಮೋಡನ್ನು ಕ್ಯಾನನ್‌ನವರು ಇವ್ಯಾಲ್ಯುಯೇಟಿವ್ ಅಂತಾರೆ, ನಿಕಾನ್‌ನವರು ಮ್ಯಾಟ್ರಿಕ್ಸ್, ಸೋನಿಯವರು ಮಲ್ಟಿ. ಸೆಂಟರ್ ವೆಯ್ಟೆಡ್ ನಡುಭಾಗಕ್ಕೆ ಒತ್ತು ಕೊಡುತ್ತದೆ. ಸ್ಪಾಟ್ ಒಂದು ಸಣ್ಣ ತುಣುಕನ್ನು ಮಾತ್ರ ಅಳೆಯುತ್ತದೆ. ಓಡುವ ಆಟಗಾರನ ಮೇಲೆ ಸ್ಪಾಟ್ ಇಡುವುದು ನನ್ನ ಪ್ರಕಾರ ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಒಂದು ಫ್ರೇಮಿನಲ್ಲಿ ಜೆರ್ಸಿ ಮೇಲೆ, ಮುಂದಿನದರಲ್ಲಿ ಚಡ್ಡಿ ಮೇಲೆ, ಆಮೇಲೆ ಗೋಡೆ ಮೇಲೆ. ನಿಕಾನ್‌ನಲ್ಲಿ ಸ್ಪಾಟ್ ನೀವು ಆರಿಸಿದ ಫೋಕಸ್ ಪಾಯಿಂಟ್ ಜೊತೆಗೆ ಹೋಗುತ್ತದೆ. ಕ್ಯಾನನ್‌ನ ಹೆಚ್ಚಿನ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ) ಕ್ಯಾಮೆರಾಗಳಲ್ಲಿ ಫೋಕಸ್ ಎಲ್ಲೇ ಇರಲಿ, ಸ್ಪಾಟ್ ಮಾತ್ರ ನಟ್ಟನಡುವೆ ಕೂತಿರುತ್ತದೆ. ಇದು ಗೊತ್ತಿಲ್ಲದೆ ಎಷ್ಟು ಜನ ತಲೆ ಕೆಡಿಸಿಕೊಂಡಿದ್ದಾರೋ.

ನನ್ನ ಉತ್ತರ ಬೇರೆ. ಆಟ ನಡೆಯುವಾಗ ಅಳೆಯಲೇ ಬೇಡಿ. ಆಟ ಶುರುವಾಗುವ ಮೊದಲು ಒಂದು ಸಲ ಸರಿಯಾಗಿ ಅಳೆದು, ಮ್ಯಾನ್ಯುಯಲ್‌ನಲ್ಲಿ (ಅಂಕಿಗಳನ್ನು ನಾವೇ ಇಡುವ ಮೋಡ್) ಕೂರಿಸಿ, ಆಮೇಲೆ ಮೀಟರಿನ ಮುಳ್ಳು ಎಷ್ಟೇ ಕುಣಿದರೂ ಅದರ ಕಡೆ ನೋಡಬೇಡಿ. ಹಾಲ್‌ನ ಲೈಟುಗಳು ಸೂರ್ಯನ ಹಾಗಲ್ಲ. ಅವಕ್ಕೆ ಮೋಡ ಕವಿಯಲ್ಲ, ಸಂಜೆ ಆಗಲ್ಲ. ಹೊರಗಿನ ಆಟಕ್ಕಿಂತ ಒಳಗಿನ ಆಟ ಈ ಒಂದು ವಿಷಯದಲ್ಲಿ ಸುಲಭ.

ಅಳೆಯುವುದು ಹೇಗೆ? ನಾನು ಅರ್ಧ ಗಂಟೆ ಮೊದಲೇ ಹೋಗುತ್ತೇನೆ. ಸಂಘಟಕರನ್ನು ಕೇಳಿ, ಶೂ ಬಿಚ್ಚಿಟ್ಟು ಮ್ಯಾಟ್ ಮೇಲೆ ಕಾಲಿಡುತ್ತೇನೆ. ಶೂ ಬಿಚ್ಚದೆ ಹೋಗಿ ರೆಫರಿ ಹತ್ತಿರ ಬೈಸಿಕೊಂಡಿದ್ದೂ ಇದೆ. ಆಟಗಾರನ ಮುಖ ಇರುವ ಎತ್ತರದಲ್ಲಿ ಗ್ರೇ ಕಾರ್ಡ್ (ನಡುಬೂದು ಬಣ್ಣದ ಕಾರ್ಡ್) ಹಿಡಿದು, ಸ್ಪಾಟ್‌ನಲ್ಲಿ ಅಳೆಯುತ್ತೇನೆ. ಸ್ಪಾಟ್‌ನ ಸರಿಯಾದ ಜಾಗ ಇದು. ಕಾರ್ಡ್ ನೆಟ್ಟಗೆ ನಿಂತಿರಬೇಕು, ನಾನು ಆಮೇಲೆ ಕೂರುವ ಕಡೆಗೆ ಮುಖ ಮಾಡಿರಬೇಕು. ಕಾರ್ಡನ್ನು ಮೇಲಕ್ಕೆ ವಾಲಿಸಿದರೆ ಚಾವಣಿ ಲೈಟು ನೇರ ಬಿದ್ದು ಲೆಕ್ಕ ತಪ್ಪುತ್ತದೆ. ಯಾಕೆಂದರೆ ಒಳಾಂಗಣದಲ್ಲಿ ಬೆಳಕೆಲ್ಲ ತಲೆ ಮೇಲಿಂದ ಬರುತ್ತದೆ. ಕೂದಲು, ಹಣೆ, ಭುಜ ಹೊಳೆಯುತ್ತವೆ, ಕಣ್ಣಿನ ಗುಳಿಯಲ್ಲಿ ನೆರಳು. ನಮಗೆ ಬೇಕಾದದ್ದು ಕಣ್ಣು, ಅಲ್ವಾ?

ಗ್ರೇ ಕಾರ್ಡ್ ಮರೆತರೆ ಅಂಗೈ ಇದೆ. ಅಂಗೈ ನಡುಬೂದಿಗಿಂತ ಸುಮಾರು ಒಂದು ಸ್ಟಾಪ್ ಜಾಸ್ತಿ ಬೆಳಕನ್ನು ವಾಪಸ್ ಕೊಡುತ್ತದೆ. ಒಂದು ಸ್ಟಾಪ್ ಏರಿದರೆ ಬೆಳಕು ಎರಡು ಪಟ್ಟು, ಇಳಿದರೆ ಅರ್ಧ. ಹಾಗಾಗಿ ಅಂಗೈ ಅಳೆದರೆ ಮುಳ್ಳನ್ನು ಸೊನ್ನೆಗಲ್ಲ, ಪ್ಲಸ್ ಒಂದಕ್ಕೆ ತನ್ನಿ. ಮುಖದ ಬಣ್ಣ ಯಾವುದೇ ಇರಲಿ, ಅಂಗೈ ಬಣ್ಣದಲ್ಲಿ ಅಷ್ಟೊಂದು ವ್ಯತ್ಯಾಸ ಇರುವುದಿಲ್ಲ. ಆದರೂ ಮನೆಯಲ್ಲಿ ಒಮ್ಮೆ ನಿಮ್ಮ ಅಂಗೈ ಮತ್ತು ಗ್ರೇ ಕಾರ್ಡ್ ಎರಡನ್ನೂ ಒಂದೇ ಬೆಳಕಿನಲ್ಲಿ ಅಳೆದು ವ್ಯತ್ಯಾಸ ಬರೆದಿಟ್ಟುಕೊಳ್ಳಿ.

ಒಂದೇ ಕಡೆ ಅಳೆದರೆ ಸಾಲದು. ಪುರುಷರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ನಡುವೆ ಬೆಳಕು ಚೆನ್ನಾಗಿದ್ದು ಮೂಲೆಯಲ್ಲಿ ಒಂದು ಸ್ಟಾಪ್ ಬಿದ್ದು ಹೋಗುವ ಹಾಲ್‌ಗಳು ನಮ್ಮ ಕಡೆ ಬೇಕಾದಷ್ಟು. ಕ್ಯಾಚ್ ಆಗುವುದು ಹೆಚ್ಚಾಗಿ ಆ ಮೂಲೆಗಳಲ್ಲೇ. ನಡುವಿನ ಲೆಕ್ಕ ಮತ್ತು ಮೂಲೆಯ ಲೆಕ್ಕ ಎರಡನ್ನೂ ತಲೆಯಲ್ಲಿ ಇಟ್ಟುಕೊಂಡರೆ, ಆಟ ಆ ಕಡೆ ಹೋದಾಗ ಹೆಬ್ಬೆರಳಿನಿಂದ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಅನ್ನುವ ಅಂಕಿ) ಚಕ್ರವನ್ನು ಮೂರು ಸಲ ಕಟಕಟ ತಿರುಗಿಸಿದರೆ ಆಯಿತು. ಮೂರು ಕ್ಲಿಕ್ ಅಂದರೆ ಒಂದು ಸ್ಟಾಪ್.

ಈಗ ಅಂಕಿ. ಸಾಧಾರಣ ಬೆಳಕಿನ ಹಾಲ್‌ಗೆ ನಾನು 1/500, ಎಫ್ 2.8, ಐಎಸ್‌ಒ 3200ರಿಂದ ಶುರು ಮಾಡುತ್ತೇನೆ. 1/500 ಅಂದರೆ ಶಟರ್ ತೆರೆದಿರುವ ಕಾಲ, ಸೆಕೆಂಡಿನಲ್ಲಿ. ಎಫ್ ಅಂದರೆ ಅಪರ್ಚರ್, ಲೆನ್ಸಿನ ಕಿಂಡಿ; ಅಂಕಿ ಚಿಕ್ಕದಾದಷ್ಟೂ ಬೆಳಕು ಜಾಸ್ತಿ. ಕಬಡ್ಡಿಗೆ 1/500 ಬಹುಪಾಲು ಸಾಕು. ಬ್ಯಾಡ್ಮಿಂಟನ್‌ನಲ್ಲಿ ಸ್ಮ್ಯಾಶ್ ಹಿಡಿಯಬೇಕಾದರೆ 1/1000 ಬೇಕು, ಇಲ್ಲದಿದ್ದರೆ ರಾಕೆಟ್ ಹೊಗೆಯಾಗಿ ಬರುತ್ತದೆ. ಆಗ ಐಎಸ್‌ಒ 6400. ಬೆಳಕು ಅಷ್ಟಿಲ್ಲದಿದ್ದರೆ ಜಿಗಿತದ ತುದಿಗೆ ಕಾಯಿರಿ. ಮೇಲೇರಿದವನು ಕೆಳಗಿಳಿಯುವ ಮೊದಲು ಒಂದು ಕ್ಷಣ ಗಾಳಿಯಲ್ಲಿ ನಿಂತ ಹಾಗೆ ಇರುತ್ತಾನೆ. ಅಲ್ಲಿ 1/400 ಕೂಡ ನಡೆಯುತ್ತದೆ. ಟೇಬಲ್ ಟೆನಿಸ್‌ಗೂ ಬ್ಯಾಡ್ಮಿಂಟನ್ ಲೆಕ್ಕವೇ.

ಕ್ಯಾಮೆರಾ ಜೊತೆ ಬಂದ 18-55 ಲೆನ್ಸ್ ಇಟ್ಟುಕೊಂಡು ಬರುವವರಿಗೆ ಒಂದು ಕಹಿ ಮಾತು. ಪೂರ್ತಿ ಝೂಮ್ ಮಾಡಿದರೆ, ಅಂದರೆ 55ರಲ್ಲಿ, ಅದು ಎಫ್ 5.6ಕ್ಕೆ ನಿಲ್ಲುತ್ತದೆ. ಮೇಲಿನ ಲೆಕ್ಕದಲ್ಲಿ ಐಎಸ್‌ಒ 12800 ಆಯಿತು. ಅದರ ಬದಲು 50 ಎಂಎಂ ಎಫ್ 1.8 ತೆಗೆದುಕೊಳ್ಳಿ, ಒಳಗೆ ಬರುವ ಬೆಳಕು ಹೆಚ್ಚುಕಡಿಮೆ ಹತ್ತು ಪಟ್ಟು. ಝೂಮ್ ಇಲ್ಲ, ನಿಜ. ಕಾಲಿದೆಯಲ್ಲ. ನಾನು ಎಷ್ಟೋ ಪಂದ್ಯಗಳನ್ನು 85 ಎಂಎಂ ಎಫ್ 1.8ನಲ್ಲೇ ತೆಗೆದಿದ್ದೇನೆ. ಫೋಕಸ್ ಸ್ವಲ್ಪ ಆಚೀಚೆ ಆದರೂ ಕ್ಷಮಿಸುವುದಿಲ್ಲ ಅಂತ ಅದನ್ನು ಎಫ್ 2ರಲ್ಲಿ ಇಡುತ್ತೇನೆ.

ನಾಯ್ಸ್ (ಫೋಟೋದ ಮೇಲೆ ಮರಳಿನಂಥ ಚುಕ್ಕೆ) ಬರುತ್ತದೆ ಅಂತ ಐಎಸ್‌ಒ ಏರಿಸಲು ಹೆದರುವವರು ಇನ್ನೂ ಇದ್ದಾರೆ. ನಾಯ್ಸ್ ಇರುವ ಫೋಟೋವನ್ನು ಪತ್ರಿಕೆಯವರು ಹಾಕುತ್ತಾರೆ, ಅಲ್ಲಾಡಿದ ಫೋಟೋವನ್ನು ಹಾಕುವುದಿಲ್ಲ. 1600ರಲ್ಲಿ ಕತ್ತಲೆಯಾಗಿ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ಎರಡು ಸ್ಟಾಪ್ ಎತ್ತುವುದರಿಂದ ಲಾಭ ಏನೂ ಇಲ್ಲ. ಹಳೆಯ ಸೆನ್ಸರ್ ಆದರೆ ನೆರಳಿನಲ್ಲಿ ಗೆರೆಗೆರೆ ಎದ್ದು ಬರುತ್ತದೆ. ನೇರವಾಗಿ 6400ರಲ್ಲೇ ತೆಗೆಯಿರಿ. ಬಿಳಿ ಜೆರ್ಸಿಯ ಮಡಿಕೆ ಕಾಣುತ್ತಿದೆಯಾ ಅಂತ ಹಿಸ್ಟೋಗ್ರಾಂನ (ಫೋಟೋದ ಕಪ್ಪು-ಬಿಳುಪು ಎಷ್ಟೆಷ್ಟು ಅಂತ ತೋರಿಸುವ ನಕ್ಷೆ) ಬಲತುದಿ ನೋಡಿಕೊಳ್ಳಿ. ಹಿಂದಿನ ಸ್ಕ್ರೀನ್ ನಂಬಬೇಡಿ. ಮಬ್ಬು ಹಾಲ್‌ನಲ್ಲಿ ಸ್ಕ್ರೀನ್ ಯಾವಾಗಲೂ ಫೋಟೋವನ್ನು ಇರುವುದಕ್ಕಿಂತ ಬೆಳ್ಳಗೆ ತೋರಿಸುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ದೆವ್ವ ಉಳಿಯುತ್ತದೆ. ಅದರ ಹೆಸರು ಫ್ಲಿಕರ್. ಅದು ನನ್ನನ್ನು ಎರಡು ವರ್ಷ ಕಾಡಿತು. ಮ್ಯಾನ್ಯುಯಲ್‌ನಲ್ಲಿ ಎಲ್ಲ ಬಿಗಿ ಮಾಡಿದ್ದೇನೆ, ಸೆಕೆಂಡಿಗೆ ಆರೇಳು ಫೋಟೋ ಬೀಳುತ್ತಿವೆ. ಒಂದು ಸರಿ, ಮುಂದಿನದು ಮಂಕು, ಅದರ ಮುಂದಿನದು ಹಳದಿ. ಶಟರ್ ಹೋಗಿದೆ ಅಂತ ಕ್ಯಾಮೆರಾವನ್ನು ಬೆಂಗಳೂರಿಗೆ ತೆಗೆದುಕೊಂಡು ಹೋದೆ. ಅಲ್ಲಿನ ರಿಪೇರಿಯವರು ಬಿಚ್ಚಿ ನೋಡಿ, ಏನೂ ಆಗಿಲ್ಲ ಅಂತ ವಾಪಸ್ ಕೊಟ್ಟರು. ಬಸ್ ಚಾರ್ಜು ದಂಡ. ಸ್ಟುಡಿಯೋ ಹುಡುಗನಿಗೆ ನಾನು ಬೈಯದಿರುವುದಕ್ಕೆ ಇದೂ ಒಂದು ಕಾರಣ.

ನಮ್ಮ ಕರೆಂಟು 50 ಹರ್ಟ್ಸ್. ಹಳೆಯ ಚೋಕಿನ ಟ್ಯೂಬ್‌ಲೈಟ್, ಮೆಟಲ್ ಹಾಲೈಡ್, ಅಗ್ಗದ ಎಲ್‌ಇಡಿ, ಇವೆಲ್ಲ ಸೆಕೆಂಡಿಗೆ 100 ಸಲ ಏರಿ ಇಳಿಯುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ. 1/100 ಶಟರ್‌ನಲ್ಲಿ ಒಂದು ಪೂರ್ತಿ ಏರಿಳಿತ ಫೋಟೋದೊಳಗೆ ಬರುತ್ತದೆ, ಎಲ್ಲ ಫೋಟೋ ಒಂದೇ ಥರ ಇರುತ್ತವೆ. 1/1000ದಲ್ಲಿ ಅದರ ಹತ್ತನೇ ಒಂದು ಭಾಗ ಮಾತ್ರ ಸಿಗುತ್ತದೆ. ಆ ಚೂರು ಬೆಳಕು ಏರಿದಾಗಿನದೋ, ಬಿದ್ದಾಗಿನದೋ, ಅದು ನಿಮ್ಮ ಅದೃಷ್ಟ. ಬೆಳಕು ಬೀಳುವಾಗ ಬಣ್ಣವೂ ಬದಲಾಗುತ್ತದೆ, ಹಳದಿ ಬಂದದ್ದು ಅದಕ್ಕೇ. ಇದನ್ನು ಯಾವ ಮೀಟರಿಂಗ್ ಮೋಡೂ ಸರಿ ಮಾಡಲಾರದು.

ಕೆಲವು ಕ್ಯಾಮೆರಾಗಳು ಈ ಏರಿಳಿತವನ್ನು ಗುರುತಿಸಿ, ಬೆಳಕು ಮೇಲಿರುವಾಗ ಮಾತ್ರ ಶಟರ್ ಬಿಡುತ್ತವೆ. ಕ್ಯಾನನ್ 2014ರಲ್ಲಿ 7ಡಿ ಮಾರ್ಕ್ 2ರಲ್ಲಿ ಇದನ್ನು ತಂದಿತು. ಆಮೇಲೆ ನಿಕಾನ್ ಡಿ500, ಡಿ850ಗಳಲ್ಲೂ ಬಂತು. ಮೆನುವಿನಲ್ಲಿ ಆ್ಯಂಟಿ ಫ್ಲಿಕರ್ ಅಥವಾ ಫ್ಲಿಕರ್ ರಿಡಕ್ಷನ್ ಅಂತ ಇದ್ದರೆ ಆನ್ ಮಾಡಿ. ಒತ್ತಿದ್ದಕ್ಕೂ ಶಟರ್ ಬಿಡುವುದಕ್ಕೂ ಕೂದಲೆಳೆಯಷ್ಟು ತಡ ಆಗಬಹುದು, ಬರ್ಸ್ಟ್ (ಒಂದೇ ಸಮನೆ ಫೋಟೋ ಬೀಳುವ) ವೇಗ ಸ್ವಲ್ಪ ಇಳಿಯಬಹುದು. ಇರಲಿ ಬಿಡಿ. ನಿಮ್ಮ ಕ್ಯಾಮೆರಾದಲ್ಲಿ ಇದು ಇಲ್ಲದಿದ್ದರೆ ಉದ್ದಕ್ಕೆ ಬರ್ಸ್ಟ್ ಒತ್ತಿ, ಚೆನ್ನಾಗಿ ಬಂದದ್ದನ್ನು ಆರಿಸಿಕೊಳ್ಳಿ. ರಾ (ಕ್ಯಾಮೆರಾ ತಿದ್ದದೆ ಕೊಡುವ ಕಚ್ಚಾ ಫೈಲ್) ರೂಪದಲ್ಲಿ ತೆಗೆದರೆ ಬಣ್ಣ ತಿದ್ದುವುದೂ ಸುಲಭ.

ಹಾಲ್‌ನಲ್ಲಿ ಫ್ಲಿಕರ್ ಇದೆಯಾ ಅಂತ ನೋಡಲು ಖರ್ಚಿಲ್ಲದ ಉಪಾಯ ಒಂದಿದೆ. ಮೊಬೈಲ್ ತೆಗೆದು ಸ್ಲೋ ಮೋಷನ್‌ನಲ್ಲಿ ಲೈಟುಗಳ ವಿಡಿಯೋ ಮಾಡಿ. ಬೆಳಕು ಮಿಡಿಯುವುದು ಕಂಡರೆ ಇದೆ ಅಂತ. ಹೊಸ ಮಿರರ್‌ಲೆಸ್ (ಕನ್ನಡಿ ಇಲ್ಲದ) ಕ್ಯಾಮೆರಾ ಇರುವವರು ಇನ್ನೊಂದು ನೆನಪಿಡಿ. ಶಬ್ದ ಬರಬಾರದು ಅಂತ ಎಲೆಕ್ಟ್ರಾನಿಕ್ ಶಟರ್ ಹಾಕಿದರೆ, ಇದೇ ಎಲ್‌ಇಡಿ ಫೋಟೋಗೆ ಅಡ್ಡಡ್ಡ ಪಟ್ಟಿ ಎಳೆಯುತ್ತದೆ. ಚೆಸ್ ಪಂದ್ಯ ತೆಗೆಯಲು ಹೋದಾಗ ನನಗೆ ಆದದ್ದು ಅದೇ. ಮಕ್ಕಳು ಕದಲದೆ ಕೂತಿದ್ದಾರೆ, ಬೆಳಕೂ ಚೆನ್ನಾಗಿದೆ, ಬೋರ್ಡ್ ಮೇಲೆ ಮಾತ್ರ ಝೀಬ್ರಾ. ಅಲ್ಲಿ ಶಟರನ್ನು 1/100ಕ್ಕೆ ಇಳಿಸಿದರೆ ಮುಗಿಯಿತು.

ಫ್ಲಾಶ್ ವಿಷಯ ಎರಡೇ ಮಾತು. ಆಟಗಾರನ ಕಣ್ಣಿಗೆ ಹೊಡೆಯುತ್ತದೆ. ಹಾಕಬೇಡಿ.

ಎಲ್ಲ ಹಾಲ್‌ಗಳೂ ಪೂರ್ತಿ ಮುಚ್ಚಿರುವುದಿಲ್ಲ. ಚಾವಣಿಯಲ್ಲಿ ನಡುನಡುವೆ ಫೈಬರ್ ಶೀಟ್ ಹಾಕಿರುತ್ತಾರೆ. ಜುಲೈನಲ್ಲಿ ಚಿಕ್ಕಮಗಳೂರಿನಲ್ಲಿ ಅಂಥ ಹಾಲ್ ಸಿಕ್ಕರೆ ನನ್ನ ಮ್ಯಾನ್ಯುಯಲ್ ಲೆಕ್ಕ ತಲೆಕೆಳಗು. ಐದು ನಿಮಿಷ ಬೆಳಕು, ಆಮೇಲೆ ಬೆಟ್ಟದ ಕಡೆಯಿಂದ ಮೋಡ ಬಂದು ಕತ್ತಲೆ. ಅಲ್ಲಿ ಶಟರ್, ಅಪರ್ಚರ್ ಎರಡನ್ನೂ ಕಟ್ಟಿಹಾಕಿ ಐಎಸ್‌ಒ ಮಾತ್ರ ಆಟೋಗೆ ಬಿಡುತ್ತೇನೆ. ಆಗ ಪೆದ್ದು ಮೀಟರ್ ಮತ್ತೆ ಒಳಗೆ ಬಂತು ಅಂತ ಅರ್ಥ. ಬಿಳಿ ಜೆರ್ಸಿಯ ತಂಡಕ್ಕೆ ಕಾಂಪೆನ್ಸೇಷನ್ (ಮೀಟರಿನ ಲೆಕ್ಕಕ್ಕೆ ನಾವು ಮಾಡುವ ತಿದ್ದುಪಡಿ) ಪ್ಲಸ್ ಮುಕ್ಕಾಲು ಅಥವಾ ಒಂದು, ಕಪ್ಪಿಗೆ ಮೈನಸ್ ಅಷ್ಟೇ. ತಿದ್ದುತ್ತಲೇ ಇರಬೇಕು, ಕೈ ನೋಯುತ್ತದೆ. ಕರೆಂಟ್ ಹೋಗಿ ಜನರೇಟರ್ ಶುರುವಾದರೂ ಅಷ್ಟೇ, ಕೆಲವು ಲೈಟು ಹತ್ತುತ್ತವೆ, ಕೆಲವು ಹತ್ತುವುದಿಲ್ಲ. ಮತ್ತೆ ಕಾರ್ಡ್ ಹಿಡಿಯಬೇಕು.

ನನ್ನ ಬ್ಯಾಗಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇದೆ. ಹೋದ ಹಾಲ್‌ಗೆಲ್ಲ ಒಂದೊಂದು ಪುಟ. ನಡುವೆ ಎಷ್ಟು, ಮೂಲೆಗೆ ಎಷ್ಟು, ಫ್ಲಿಕರ್ ಇದೆಯಾ, ಫೈಬರ್ ಶೀಟ್ ಯಾವ ಕಡೆ, ಎಲ್ಲಿ ಕೂತರೆ ಹಿಂದೆ ಫ್ಲೆಕ್ಸ್ ಬರುವುದಿಲ್ಲ. ಎರಡನೇ ಸಲ ಹೋದಾಗ ಅರ್ಧ ಕೆಲಸ ಮುಗಿದಿರುತ್ತದೆ. ಈಗ ಆ ನೋಟ್‌ಬುಕ್ ಹುಡುಗನ ಹತ್ತಿರ ಇದೆ. ಮೊನ್ನೆ ಅವನು ಒಂದು ಹಾಲ್‌ನಿಂದ ಫೋನ್ ಮಾಡಿ ಕೇಳಿದ, "ಸರ್, ಇಲ್ಲಿ 'ಬಲಗಡೆ ಎರಡು ಲೈಟು ಉರಿಯಲ್ಲ, ಒಂದು ಸ್ಟಾಪ್ ಏರಿಸು' ಅಂತ ಬರೆದಿದ್ದೀರಲ್ಲ, ಇದು ಮೂರು ವರ್ಷದ ಹಿಂದಿಂದು, ಈಗಲೂ ನಡೆಯುತ್ತಾ?"

ತಲೆಯೆತ್ತಿ ಲೈಟು ನೋಡು ಅಂದೆ. ನೋಡಿದ. ಏರಿಸಿದ.