ಸೈಪ್ರಸ್‌ನಿಂದ ಹಾರಿದ ವಿಮಾನಗಳು: ಸಾಮ್ರಾಜ್ಯ ಹೋದ ಮೇಲೆ ಬ್ರಿಟನ್

1956ರ ಅಕ್ಟೋಬರ್ ಕೊನೆಯಲ್ಲಿ, ಆಗ ಬ್ರಿಟನ್ ಆಳುತ್ತಿದ್ದ ಸೈಪ್ರಸ್ ದ್ವೀಪದಿಂದ ಬ್ರಿಟನ್ನಿನ ಬಾಂಬರ್‌ಗಳು ಈಜಿಪ್ಟ್ ಕಡೆಗೆ ಹಾರಿದವು. ಜುಲೈನಲ್ಲಿ ಈಜಿಪ್ಟ್ ಅಧ್ಯಕ್ಷ ನಾಸರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದ್ದರು. ಅದನ್ನು ಕಿತ್ತುಕೊಳ್ಳಲು ಬ್ರಿಟನ್, ಫ್ರಾನ್ಸ್, ಇಸ್ರೇಲ್ ಗುಟ್ಟಾಗಿ ಕೈಜೋಡಿಸಿದ್ದವು. ಅಮೆರಿಕಕ್ಕೆ ಸುಳಿವೂ ಕೊಟ್ಟಿರಲಿಲ್ಲ.

ಪೆಟ್ಟು ಬಿದ್ದದ್ದು ರಣರಂಗದಲ್ಲಲ್ಲ, ಖಜಾನೆಗೆ. ಪೌಂಡ್ ಕುಸಿಯತೊಡಗಿತು. ಯುದ್ಧ ನಿಲ್ಲುವವರೆಗೂ ನೆರವಿಲ್ಲ ಎಂದು ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಸರ್ಕಾರ ಪಟ್ಟು ಹಿಡಿಯಿತು. ಯುದ್ಧ ಬೇಕೆಂದು ಜೋರಾಗಿ ವಾದಿಸಿದ್ದ ಹಣಕಾಸು ಸಚಿವ ಮ್ಯಾಕ್‌ಮಿಲನ್ ಅವರೇ ಈಗ ನಿಲ್ಲಿಸೋಣ ಎಂದರು. ಸೈನಿಕರು ಕಾಲುವೆಯ ಬಾಯಲ್ಲಿರುವ ಪೋರ್ಟ್ ಸೈದ್ ಬಂದರಿನಲ್ಲಿ ಇಳಿದು ಎರಡು ದಿನವೂ ಆಗಿರಲಿಲ್ಲ, ನವೆಂಬರ್ 6ರ ನಡುರಾತ್ರಿ ಕದನವಿರಾಮ. ಜನವರಿಯಲ್ಲಿ ಪ್ರಧಾನಿ ಈಡನ್ ರಾಜೀನಾಮೆ ಕೊಟ್ಟರು.

ಬ್ರಿಟನ್ ಸಾಮ್ರಾಜ್ಯ ಕಳೆದುಕೊಂಡಿದೆ, ಪಾತ್ರ ಇನ್ನೂ ಸಿಕ್ಕಿಲ್ಲ ಎಂದು ಅಮೆರಿಕದ ಮಾಜಿ ವಿದೇಶಾಂಗ ಸಚಿವ ಡೀನ್ ಅಚೆಸನ್ 1962ರಲ್ಲಿ ಹೇಳಿದಾಗ ಲಂಡನ್ ಸಿಡಿದೆದ್ದಿತು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅಂತಾರಲ್ವಾ, ಹಾಗೆ.

ಸೈಪ್ರಸ್ ಕಥೆಯನ್ನೇ ನೋಡಿ. 1960ರಲ್ಲಿ ಸ್ವಾತಂತ್ರ್ಯ ಕೊಟ್ಟರೂ ಅಕ್ರೋತಿರಿ, ಧೆಕೆಲಿಯಾ ಎಂಬ ಎರಡು ಸೇನಾ ನೆಲೆಗಳನ್ನು ಬ್ರಿಟನ್ ತನ್ನಲ್ಲೇ ಉಳಿಸಿಕೊಂಡಿತು. ಆದರೆ ದ್ವೀಪದ ಗ್ರೀಕರಿಗೂ ತುರ್ಕರಿಗೂ ಹೊಡೆದಾಟ ಶುರುವಾದಾಗ ಅದನ್ನು ತಡೆಯುವುದು ಅದಕ್ಕೆ ಒಂಟಿಯಾಗಿ ಆಗಲಿಲ್ಲ. 1964ರಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆ ಬಂತು. ಅದೇ ವರ್ಷ ಅದರ ಹೊಣೆ ಹೊತ್ತವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. 1965ರ ಡಿಸೆಂಬರ್‌ನಲ್ಲಿ ಕೆಲಸದಲ್ಲಿದ್ದಾಗಲೇ ಅಲ್ಲಿ ತೀರಿಕೊಂಡರು.

ಯುರೋಪಿನ ದೇಶಗಳ ಒಕ್ಕೂಟದ ಬಾಗಿಲನ್ನೂ ಬ್ರಿಟನ್ ತಟ್ಟಿತು. ಫ್ರಾನ್ಸ್ ಅಧ್ಯಕ್ಷ ಡಿಗಾಲ್ ಎರಡು ಸಲ ಬೇಡ ಎಂದರು. 1973ರಲ್ಲಿ ಒಳಗೆ ಹೋಯಿತು, 2020ರಲ್ಲಿ ಹೊರಗೆ ಬಂತು. ನಡುವೆ, 2003ರಲ್ಲಿ ಅಮೆರಿಕದ ಜೊತೆ ಇರಾಕಿಗೆ ಹೋಗಿ 179 ಸೈನಿಕರನ್ನು ಕಳೆದುಕೊಂಡಿತು. ಸತ್ತ ಇರಾಕಿಗಳ ಸಂಖ್ಯೆ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಸೂಯೆಜ್‌ನಿಂದ ಬ್ರಿಟನ್ ಕಲಿತ ಪಾಠವೇ ತಪ್ಪು ಎನ್ನುವುದು ನನ್ನ ಅಭಿಪ್ರಾಯ. ಬೇರೆಯವರ ನೆಲಕ್ಕೆ ನುಗ್ಗಬಾರದು ಎಂದು ಅದು ಕಲಿಯಲಿಲ್ಲ. ಅಮೆರಿಕವನ್ನು ಬಿಟ್ಟು ನುಗ್ಗಬಾರದು ಎಂದಷ್ಟೇ ಕಲಿಯಿತು.

2024ರ ಜನವರಿಯಲ್ಲಿ ಅಕ್ರೋತಿರಿಯಿಂದ ಬ್ರಿಟನ್ನಿನ ಯುದ್ಧವಿಮಾನಗಳು ಯೆಮೆನ್‌ಗೆ ಹಾರಿದವು. ಸೂಯೆಜ್‌ಗೆ ಹೋಗುವ ಕೆಂಪು ಸಮುದ್ರದ ಹಡಗುದಾರಿ ಕಾಯಲು ಅಂದರು. ಈ ಸಲ ಅಮೆರಿಕದ ವಿಮಾನಗಳೂ ಜೊತೆಗಿದ್ದವು.