ಯಾರ ಎದುರು ರೇಗುತ್ತಾರೆ, ಮೊದಲು ಅದನ್ನು ನೋಡಿ

"ಅವನು ತುಂಬ ಹುಷಾರಿ ಅಲ್ವಾ ಮೇಡಂ, ಅದಕ್ಕೇ ಸ್ವಲ್ಪ ಸಿಟ್ಟು ಜಾಸ್ತಿ."

ಕಾಸರಗೋಡಿನಲ್ಲಿ ಆಪ್ತಸಮಾಲೋಚನೆ ಮಾಡುವ ನನಗೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಬದಿಯಡ್ಕ ಕಡೆಯ ತಾಯಿ ಮಗನ ಬಗ್ಗೆ ಹೀಗೆ ಹೇಳುತ್ತಾರೆ. ಉಪ್ಪಳದಿಂದ ಬಂದ ಹೆಂಡತಿ ಗಂಡನ ಬಗ್ಗೆ ಹೇಳುತ್ತಾರೆ. ಗ್ಯಾರೇಜಿನ ಯಜಮಾನರು ತಮ್ಮ ಒಳ್ಳೆಯ ಮೆಕ್ಯಾನಿಕ್ ಬಗ್ಗೆ ಹೇಳುತ್ತಾರೆ. ಎಲ್ಲರಿಗೂ ಒಂದೇ ಹೆದರಿಕೆ. ಆ ಒರಟುತನಕ್ಕೆ ಕೈ ಹಾಕಿದರೆ ಪ್ರತಿಭೆಯೂ ಹೋದೀತು ಅಂತ.

ಆಗ ನಾನು ಕೇಳುವ ಪ್ರಶ್ನೆ ಒಂದೇ. ಅವರು ಯಾರ ಎದುರು ರೇಗುತ್ತಾರೆ?

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಇಲ್ಲಿ ಬರುವ ಎಲ್ಲರ ಗುರುತಿನ ವಿವರಗಳನ್ನು ಬದಲಿಸಿದ್ದೇನೆ. ಹತ್ತನೆಯದರಲ್ಲಿ ಎಲ್ಲ ವಿಷಯಕ್ಕೂ ಎ ಪ್ಲಸ್ ತೆಗೆದವನು, ಈಗ ಪ್ಲಸ್ ಟು. ಒಂದು ದಿನ ಅಜ್ಜಿ ಗಂಜಿ ಬಡಿಸುವಾಗ ಸ್ವಲ್ಪ ತಡವಾಯಿತು. ಬಟ್ಟಲನ್ನು ಒಮ್ಮೆಲೆ ದೂಡಿದ. ಗಂಜಿ ನೆಲಕ್ಕೆ ಚೆಲ್ಲಿತು. ಮೊಣಕಾಲು ನೋವಿನ ಅಜ್ಜಿ ಕೂತು ಅಗುಳನ್ನೆಲ್ಲ ಒರೆಸಿ ತೆಗೆದರು. ಅವನು ಮೊಬೈಲ್ ನೋಡುತ್ತಾ ಕೂತಿದ್ದ. ಇದನ್ನು ಹೇಳುವಾಗ ತಾಯಿಯ ಕಣ್ಣಲ್ಲಿ ನೀರು. ಆದರೂ ಕೊನೆಗೆ, "ಕಲಿಯುವ ಮಗು ಅಲ್ವಾ, ತುಂಬ ಟೆನ್ಶನ್ ಇರ್ತದೆ" ಅಂದರು.

"ಕೋಚಿಂಗ್‌ನಲ್ಲಿ ಸರ್ ಎದುರು ಹೇಗಿರ್ತಾನೆ?"

"ಅಯ್ಯೋ, ಅಲ್ಲಿ ಚಿನ್ನದಂಥ ಹುಡುಗ. ಸರ್ ಬೈದರೂ ತಲೆ ತಗ್ಗಿಸಿ ಕೇಳ್ತಾನೆ."

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಎಷ್ಟು ಬಿಡಿಸಿ ಹೇಳಿದರೂ ಜನರಿಗೆ ತಲುಪದೇ ಹೋಗುವ ವಿಷಯ ಇದೇ. ಟೆನ್ಶನ್ ನಿಜವಾಗಿ ಜಾಸ್ತಿ ಇರುವುದು ಕೋಚಿಂಗ್‌ನಲ್ಲಿ. ಅಲ್ಲಿ ಬೈಗುಳವನ್ನೂ ತಾಳಿಕೊಳ್ಳುತ್ತಾನೆ. ಮನೆಯಲ್ಲಿ ಗಂಜಿ ಐದು ನಿಮಿಷ ತಡವಾದರೆ ತಾಳಿಕೊಳ್ಳುವುದಿಲ್ಲ. ಅಂದರೆ ಸಿಟ್ಟು ಹಿಡಿದಿಟ್ಟುಕೊಳ್ಳಲು ಅವನಿಗೆ ಬರುತ್ತದೆ. ಎಲ್ಲಿ ಹಿಡಿದಿಟ್ಟುಕೊಳ್ಳಬೇಕು, ಎಲ್ಲಿ ಬೇಕಿಲ್ಲ ಎಂದೂ ಗೊತ್ತಿದೆ. ಅಜ್ಜಿಯ ಎದುರು ಬೇಕಿಲ್ಲ ಎಂದು ಅವನಿಗೆ ಕಲಿಸಿಕೊಟ್ಟದ್ದು ಮನೆಯವರೇ. ಎ ಪ್ಲಸ್ ಬಂದ ದಿನದಿಂದ ಅವನು ತಿಂದ ತಟ್ಟೆ ಎತ್ತಿದ್ದಿಲ್ಲ. ಅವನು ಓದುವಾಗ ಅಜ್ಜಿ ರೇಡಿಯೋ ಹಾಕುವ ಹಾಗಿಲ್ಲ. ರೇಗಿದರೆ ಎಲ್ಲರೂ ಸುಮ್ಮನಾಗಿ ಅಜ್ಜಿಗೇ ಸನ್ನೆ ಮಾಡುತ್ತಾರೆ. ಇಷ್ಟಾದ ಮೇಲೆ ಅವನು ಬೇರೆ ಹೇಗೆ ಇದ್ದಾನು?

"ಹಾಲು ಕೊಡುವ ದನ ಒದ್ದರೆ ಸಹಿಸಿಕೊಳ್ಳಬೇಕಲ್ವಾ" ಎಂದು ಒಬ್ಬ ತಂದೆ ಕೇಳಿದರು. ದನ ಸಾಕಿದವರಿಗೆ ಗೊತ್ತು. ಕೆಚ್ಚಲು ಬಾತು ನೋವಿರುವ ದನ ಯಾರು ಕೈಯಿಟ್ಟರೂ ಒದೆಯುತ್ತದೆ. ಹಾಲು ಕರೆಯಲು ಬಂದವರು ಯಜಮಾನರೋ ಕೆಲಸದವರೋ ಎಂದು ನೋಡಿ ಒದೆಯುವುದಿಲ್ಲ. ನನ್ನ ಹತ್ತಿರ ಬರುವ ಹೆಚ್ಚಿನವರ ಮನೆಯ ಹುಷಾರಿಗಳು ಎದುರು ಯಾರಿದ್ದಾರೆ ಎಂದು ನೋಡಿಯೇ ರೇಗುತ್ತಾರೆ.

ನಮ್ಮ ಊರಿನಲ್ಲಿ ಈ ಚರ್ಚೆ ಬಂದರೆ ಯಕ್ಷಗಾನದ ಮಾತು ಬಾರದೆ ಇರುವುದಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಇಲ್ಲೇ ಪಕ್ಕದಲ್ಲಿದೆ. ಕಲಾವಿದರೆಂದರೆ ನಮಗೆ ಪ್ರೀತಿ, ಗೌರವ. ನನಗೂ ಅಷ್ಟೇ. ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ಕಥೆ ನಡೆಸುವ ತಾಳಮದ್ದಳೆಯನ್ನು ರಾತ್ರಿಯಿಡೀ ಕೇಳಿ ಬೆಳೆದವಳು ನಾನು. "ಕಲಾವಿದರು ಅಂದ ಮೇಲೆ ಸ್ವಲ್ಪ ಹಾಗೆ" ಎಂಬ ಮಾತು ನನಗೆ ನೋವು ಕೊಡುವುದೂ ಅದಕ್ಕೇ.

ಮದ್ದಳೆ ಕಲಿಯುತ್ತಿದ್ದ ಒಬ್ಬ ಹುಡುಗನನ್ನು ಅವನ ಅಕ್ಕ ಕರೆದುಕೊಂಡು ಬಂದಳು. ತಾಳಮದ್ದಳೆ ಕೂಟದಲ್ಲಿ ಕೂತರೆ ಅವನ ಕೈ ನಡುಗುತ್ತದೆ, ಮನೆಯಲ್ಲಿ ಸರಿಯಾಗಿ ನುಡಿಸುತ್ತಾನೆ. ಮಾತಾಡುತ್ತಾ ಹೋದ ಹಾಗೆ ವಿಷಯ ಹೊರಗೆ ಬಂತು. ಕೂಟದಲ್ಲಿ ಪಾತ್ರವಾಗಿ ಮಾತಾಡುವ ಹೆಸರಾಂತ ಅರ್ಥಧಾರಿಯೊಬ್ಬರು ಒಂದು ಕೂಟದ ಮೊದಲು, ಚಾ ಕುಡಿಯುವ ಹೊತ್ತಿಗೆ, ಎಲ್ಲರ ಎದುರು ಅವನ ಕೈಯನ್ನು ಅಣಕಿಸಿದ್ದರು. ಅಪ್ಪನ ಬಡತನವನ್ನೂ ಎಳೆದು ತಂದಿದ್ದರು. ಸುತ್ತ ಇದ್ದವರು ನಕ್ಕರು. ಸಂಘಟಕರು ಆಮೇಲೆ ಹುಡುಗನ ಬೆನ್ನು ತಟ್ಟಿ, "ಅವರು ಹಾಗೇ, ಮನಸ್ಸಿಗೆ ಹಚ್ಚಿಕೊಳ್ಬೇಡ ಮಾರಾಯ" ಅಂದರಂತೆ.

ಅರ್ಥಗಾರಿಕೆ ಎಂದರೇನು ಎಂದು ನೋಡಿ. ಕೈಯಲ್ಲಿ ಬರೆದಿಟ್ಟ ಮಾತಿಲ್ಲ. ಎದುರಾಳಿ ಏನಂದ, ಯಾಕೆ ಅಂದ, ಎಲ್ಲಿ ಸಿಕ್ಕಿಬಿದ್ದ ಎಂದು ಆ ಕ್ಷಣದಲ್ಲೇ ಹಿಡಿಯಬೇಕು. ಎಷ್ಟು ಚುಚ್ಚಿದರೆ ರಸ, ಎಲ್ಲಿ ದಾಟಿದರೆ ಕೂಟ ಕೆಡುತ್ತದೆ ಎಂಬ ಅಳತೆ ಬೇಕು. ಕೃಷ್ಣನಾಗಿ ಗಂಟೆಗಟ್ಟಲೆ ಕೌರವನ ಮನಸ್ಸಿನೊಳಗೆ ಇಳಿದು ಮಾತಾಡುವವರಿಗೆ, ಚಾಪೆಯ ತುದಿಯಲ್ಲಿ ಕೂತ ಹುಡುಗನ ಮುಖ ಬಾಡಿದ್ದು ಕಾಣಲಿಲ್ಲವೇ? ಕಂಡಿದೆ. ಎದುರಿನವರ ಮನಸ್ಸು ಓದುವುದೇ ಅವರ ಪ್ರತಿಭೆ. ಹಾಗಿರುವಾಗ ಆ ಪ್ರತಿಭೆಯಿಂದಾಗಿಯೇ ಒರಟರಾದರು ಎಂದರೆ ನಾನು ಹೇಗೆ ನಂಬಲಿ?

ಆ ಹುಡುಗನ ಕೈಯ ವಿಷಯಕ್ಕೆ ಬರುತ್ತೇನೆ. ಪ್ರತಿಭಾವಂತರ ಒರಟುತನವನ್ನು ಸಹಿಸುವಾಗ ನಾವು ಒಂದು ಲೆಕ್ಕ ಮರೆಯುತ್ತೇವೆ. ಸುತ್ತ ಇರುವವರ ಕೆಲಸ ಕೆಡುತ್ತದೆ. ಇಸ್ರೇಲಿನಲ್ಲಿ ನವಜಾತ ಶಿಶುಗಳ ತೀವ್ರ ನಿಗಾ ಘಟಕದ ವೈದ್ಯರು, ನರ್ಸುಗಳ 24 ತಂಡಗಳ ಮೇಲೆ ಒಂದು ಪ್ರಯೋಗ ನಡೆಯಿತು. ಅದು 2015ರಲ್ಲಿ ಪ್ರಕಟವಾಗಿದೆ. ನಿಜವಾದ ಮಗು ಅಲ್ಲ, ತರಬೇತಿಗಾಗಿ ರೂಪಿಸಿದ ಸನ್ನಿವೇಶ. ಕೆಲವು ತಂಡಗಳ ಎದುರು ಹೊರಗಿನ ತಜ್ಞರೊಬ್ಬರಿಂದ ಬೇಕೆಂದೇ ಹಗುರ ಮಾತು ಆಡಿಸಿದರು. ದೊಡ್ಡ ಬೈಗುಳವೇನಲ್ಲ, ನಿಮ್ಮ ಮಟ್ಟ ಅಷ್ಟಕ್ಕಷ್ಟೇ ಎಂಬ ಧಾಟಿ. ಆ ತಂಡಗಳು ಕಾಯಿಲೆ ಗುರುತಿಸುವುದರಲ್ಲೂ ಚಿಕಿತ್ಸೆಯ ಕೈಕೆಲಸದಲ್ಲೂ ಹಿಂದೆ ಬಿದ್ದವು. ಒಬ್ಬರಿಗೊಬ್ಬರು ಮಾಹಿತಿ ಹೇಳುವುದು, ನೆರವು ಕೇಳುವುದು ಕಡಿಮೆಯಾಗಿತ್ತು. ಕಲಿತು ಪಳಗಿದ ವೈದ್ಯರ ಕೈಯೇ ಹೀಗಾಗುವಾಗ, ಎಳೆಯ ಹುಡುಗನ ಕೈ ಮದ್ದಳೆಯ ಮೇಲೆ ನಡುಗಿದ್ದರಲ್ಲಿ ಏನು ಆಶ್ಚರ್ಯ?

ಈಗ ಇನ್ನೊಂದು ಮಗ್ಗುಲು. ಇದನ್ನು ಹೇಳದಿದ್ದರೆ ನನ್ನ ಮಾತನ್ನು ಹಿಡಿದು ತಪ್ಪು ಜನರನ್ನು ಹೊಡೆಯುವವರಿದ್ದಾರೆ.

ಬೆರೆಯಲು ಬಾರದವರು ಬೇರೆ, ಬೇರೆಯವರನ್ನು ನೋಯಿಸುವವರು ಬೇರೆ. ನಮ್ಮಲ್ಲಿ ಇವರಿಬ್ಬರನ್ನೂ ಒಂದೇ ಬುಟ್ಟಿಗೆ ಹಾಕುತ್ತಾರೆ. ಸಾಲದ್ದಕ್ಕೆ, ನೋಯಿಸುವವರಿಗೆ ಕ್ಷಮೆ, ಬೆರೆಯಲಾಗದವರಿಗೆ ಶಿಕ್ಷೆ. ಒಂದು ಕಚೇರಿಯ ಲೆಕ್ಕಪತ್ರದ ಹುಡುಗನನ್ನು ಹೀಗೆಯೇ ನನ್ನ ಹತ್ತಿರ ಕಳುಹಿಸಿದ್ದರು. "ಕೆಲಸದಲ್ಲಿ ಎತ್ತಿದ ಕೈ, ಆದರೆ ಅಹಂಕಾರ" ಎಂದು ದೂರು. ಮುಖ ನೋಡಿ ಮಾತಾಡುವುದಿಲ್ಲ, ಮದುವೆಗೆ ಕರೆದರೆ ಬರುವುದಿಲ್ಲ, ಊಟಕ್ಕೆ ಒಬ್ಬನೇ ಕೂರುತ್ತಾನೆ. ಯಾರಿಗಾದರೂ ಬೈದಿದ್ದಾನಾ ಎಂದು ಕೇಳಿದೆ. ಇಲ್ಲ. ಯಾರ ಕೆಲಸವಾದರೂ ಕೆಡಿಸಿದ್ದಾನಾ? ಇಲ್ಲ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು ಅವನು. ಕಚೇರಿಯಲ್ಲಿ ಸುತ್ತಲೂ ಮಲಯಾಳದ ತಮಾಷೆ, ಮಲಯಾಳದ ಜಗಳ. ಅರ್ಥ ಆಗುತ್ತದೆ, ತಿರುಗಿ ಹೇಳಲು ನಾಲಗೆ ಬರುವುದಿಲ್ಲ. ಗಡಿನಾಡಿನಲ್ಲಿ ಇಂಥ ಮೌನವನ್ನು ಜಂಬ ಎಂದುಕೊಂಡು ಎಷ್ಟು ಮಕ್ಕಳನ್ನು ಮೂಲೆಗೆ ತಳ್ಳಿದ್ದೇವೋ. ಅವನು ಬದಲಾಗಬೇಕಾದ್ದು ಏನೂ ಇರಲಿಲ್ಲ. ಹೇಳುವುದನ್ನು ಚೀಟಿಯಲ್ಲಿ ಬರೆದುಕೊಡಿ, ಅವನ ಹತ್ತಿರ ನಿಧಾನ ಮಾತಾಡಿ ಎಂದು ಕಚೇರಿಯವರಿಗೆ ಹೇಳಿ ಕಳುಹಿಸಿದೆ.

ಕೆಲವರಿಗೆ ಚಿಕ್ಕಂದಿನಿಂದಲೇ ಎದುರಿನವರ ಮುಖಭಾವ, ದನಿಯ ಏರಿಳಿತ ಹಿಡಿಯಲು ಕಷ್ಟ. ಆಟಿಸಂ ಇರುವವರಲ್ಲಿ ಇದನ್ನು ನೋಡುತ್ತೇವೆ. ಹಿಂದೆ ಆಸ್ಪರ್ಜರ್ ಎಂದು ಬೇರೆಯಾಗಿ ಹೇಳುತ್ತಿದ್ದುದನ್ನು ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಆಟಿಸಂನೊಳಗೇ ಸೇರಿಸಿತು. ಇಂಥವರ ನೇರ ಮಾತು ಎಲ್ಲರ ಹತ್ತಿರವೂ ಒಂದೇ ರೀತಿ ಇರಬಹುದು. ಮೇಲಧಿಕಾರಿಗೂ ಅದೇ, ಗುಡಿಸುವವರಿಗೂ ಅದೇ. ನೋವಾಯಿತು ಎಂದು ಬಿಡಿಸಿ ಹೇಳಿದರೆ ಅವರಲ್ಲಿ ಎಷ್ಟೋ ಮಂದಿ ಬೇಸರಪಟ್ಟು ತಿದ್ದಿಕೊಳ್ಳಲು ನೋಡುತ್ತಾರೆ. ದಯವಿಟ್ಟು ಈ ಅಂಕಣ ಓದಿ ಮನೆಯವರಿಗೆ ಆಟಿಸಂ ಎಂದೋ, ಅಲ್ಲ ಎಂದೋ ತೀರ್ಮಾನ ಮಾಡಬೇಡಿ. ನಾನು ಕೇಳುವ ಪ್ರಶ್ನೆ ಮಾತು ಶುರು ಮಾಡಲಿಕ್ಕೆ ಮಾತ್ರ. ಕೆಲವು ಮಕ್ಕಳು ಹೊರಗೆಲ್ಲ ಕಷ್ಟಪಟ್ಟು ಸಂಭಾಳಿಸಿ ಮನೆಗೆ ಬಂದ ಮೇಲೆ ಕುಸಿಯುವುದೂ ಉಂಟು. ಎದುರು ಕೂತು ನೋಡದೆ ಹೇಳಲಾಗದು. ನಲವತ್ತು, ಐವತ್ತು ದಾಟಿದವರ ಸ್ವಭಾವ ಇದ್ದಕ್ಕಿದ್ದ ಹಾಗೆ ಬದಲಾಗಿದ್ದರೆ ನನ್ನ ಹತ್ತಿರ ಬರುವ ಮೊದಲು ವೈದ್ಯರನ್ನು ನೋಡಿ. ಖಿನ್ನತೆ, ಕುಡಿತ, ಮಿದುಳಿನ ಕಾಯಿಲೆ, ಕಿವಿ ಮಂದ ಆಗಿರುವುದು, ಏನೂ ಇರಬಹುದು.

ಕಾರಣ ಏನೇ ಇರಲಿ, ಬಟ್ಟಲು ದೂಡುವುದು ನಿಲ್ಲಲೇಬೇಕು. ಕಾರಣ ಗೊತ್ತಾದರೆ ಯಾವ ರೀತಿ ನಿಲ್ಲಿಸುವುದು ಎಂದು ಗೊತ್ತಾಗುತ್ತದೆ, ಅಷ್ಟೇ.

ಪ್ಲಸ್ ಟು ಹುಡುಗನ ಮನೆಯಲ್ಲಿ ನಾವು ಮಾಡಿದ್ದು ಸಣ್ಣ ಬದಲಾವಣೆ. ಅವನು ತಿಂದ ತಟ್ಟೆ ಅವನೇ ತೊಳೆಯಬೇಕು, ನಾಳೆ ಪರೀಕ್ಷೆ ಇದ್ದರೂ. ರೇಗಿದರೆ ಯಾರೂ ಅಜ್ಜಿಗೆ ಸನ್ನೆ ಮಾಡುವ ಹಾಗಿಲ್ಲ. "ಅಜ್ಜಿಗೆ ಹಾಗೆ ಹೇಳುವ ಹಾಗಿಲ್ಲ" ಎಂದು ಅಪ್ಪ ದನಿ ಏರಿಸದೆ ಅವನಿಗೇ ಹೇಳಬೇಕು. ಮೊದಮೊದಲು ಬಾಗಿಲು ಬಡಿದ, ಊಟ ಬಿಟ್ಟ. ತಾಯಿಗೆ ಮಾರ್ಕು ಹೋಗುತ್ತದೆ ಎಂಬ ಭಯ. ಮಾರ್ಕಿಗೇನೂ ಆಗಲಿಲ್ಲ. ಸಿಟ್ಟು ಪೂರ್ತಿ ಹೋಗಿಲ್ಲ, ಆದರೆ ಅಜ್ಜಿಯ ಎದುರು ಬಟ್ಟಲು ದೂಡುವುದು ನಿಂತಿದೆ. ಅವನಲ್ಲಿ ಒಳ್ಳೆಯತನ ಬೇಕಾದಷ್ಟಿದೆ. ಕೇಳುವವರೇ ಇರಲಿಲ್ಲ.

ಅರ್ಥಧಾರಿಗಳು ನನ್ನ ಹತ್ತಿರ ಬರಲಿಲ್ಲ, ಬರುವುದೂ ಇಲ್ಲ. ಸಂಘಟಕರೊಬ್ಬರಿಗೆ ಹುಡುಗನ ಒಪ್ಪಿಗೆ ಕೇಳಿಯೇ ವಿಷಯ ತಿಳಿಸಿದೆ. ಮುಂದಿನ ಕೂಟಕ್ಕೆ ಕರೆಯುವಾಗಲೇ, "ಹಿಮ್ಮೇಳದ ಹುಡುಗರಿಗೆ ಏನೂ ಹೇಳಬಾರದು, ಹೇಳುವುದಿದ್ದರೆ ನಮಗೆ ಹೇಳಿ" ಎಂದು ಅವರು ಸ್ಪಷ್ಟವಾಗಿ ಮಾತಾಡಿದರಂತೆ. ಆ ಅರ್ಥಧಾರಿ ಒಪ್ಪಿ ಬಂದರು. ಎಂದಿನಷ್ಟೇ ಚೆನ್ನಾಗಿ ಅರ್ಥ ಹೇಳಿದರು.

ನನ್ನ ಹತ್ತಿರ ಬರುವುದಿದ್ದರೆ ಮಾರ್ಕಿನ ಪಟ್ಟಿ, ಸನ್ಮಾನದ ಫೋಟೋ ಬೇಡ. ಎರಡು ವಾರ ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ಯಾವಾಗ ರೇಗಿದರು, ಎದುರು ಯಾರಿದ್ದರು, ಅದಕ್ಕೆ ಮೊದಲು ಏನಾಗಿತ್ತು, ಆಮೇಲೆ ಮನೆಯವರು ಏನು ಮಾಡಿದಿರಿ. ನಿದ್ದೆ, ಊಟ, ತೆಗೆದುಕೊಳ್ಳುವ ಮಾತ್ರೆಗಳನ್ನೂ ಬರೆಯಿರಿ. ಬೈಗುಳ ತಿಂದವರನ್ನೂ ಕರೆದುಕೊಂಡು ಬನ್ನಿ. ಅವರ ಹತ್ತಿರ ನಾನು ಬೇರೆಯಾಗಿ ಮಾತಾಡಬೇಕು.